ತುರುಬಿನಲ್ಲಿ ಲಿಂಗ ಕಟ್ಟಿಕೊಂಡವಳು

ಚಿಂಚೋಳಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಶಿವಕಾಂತಮ್ಮನ ಮೂಗು ಕೊಂಚ ಎಡಕ್ಕೆ ಸೊಟ್ಟಗಾಗಿದೆ. ಹೊಸದಾಗಿ ಬಂದ ಹುಡುಗಿಯರು ಕೇಳಿದರೆ, ಸಣ್ಣವಳಿದ್ದಾಗ ಬಾವಿಯ ಗಾಲಿ ಬಡಿಯಿತು ಎಂದು ಹೇಳಿ ರೊಟ್ಟಿ ಬಡಿಯುತ್ತಾಳೆ. ಒಂದು ಕಾಲಕ್ಕೆ ಆಕೆ ಮಾರ್ತಾಂಡ ಸರ್ಕಸ್ಸಿನ ಬಾಕ್ಸಿಂಗ್ ಚಾಂಪಿಯನ್ ಆಗಿದ್ದಳು, ‘ಮಿಸ್ ಕಾಂತಾ’ ಎಂಬ ಹೆಸರಿನಲ್ಲಿ ಆಕೆಯ ಚಿತ್ರ ಸೇಡಂ, ರಾಯಚೂರು, ಗುಂತಕಲ್ಲುಗಳ ಗೋಡೆಗಳ ಮೇಲೆ ಇತ್ತು ಎಂದರೆ ಆ ಹುಡುಗಿಯರು ನಂಬಲಿಕ್ಕಿಲ್ಲ. ಅಷ್ಟೂ ವರ್ಷ ಆಕೆ ಹೆದರಿಕೆಯಲ್ಲೇ ಬದುಕಿದಳು ಎಂದರೆ ಆಗ ಆಕೆಯನ್ನು ನೋಡಿದವರೂ ನಂಬಲಿಕ್ಕಿಲ್ಲ.

ಐನಾಪುರದಲ್ಲಿ ಹುಟ್ಟಿದ ಎಂಟನೆಯ ದಿನಕ್ಕೆ ಮಠದ ಗುರುಲಿಂಗಯ್ಯನವರು ಆಕೆಯ ಕೊರಳಿಗೆ ಲಿಂಗ ಕಟ್ಟಿದರು. ಅದಕ್ಕೆ ಪೂಜೆ ಮಾಡದೆ ತುತ್ತು ಎತ್ತುವಂತಿಲ್ಲ, ಅದು ಮೈಬಿಟ್ಟು ಅಗಲುವಂತಿಲ್ಲ, ಪರರ ಕೈಗೆ ಹೋಗುವಂತಿಲ್ಲ. ಅಜ್ಜಿ ಹೇಳುತ್ತಿದ್ದ ಕತೆಯೊಂದು ಶಿವಕಾಂತಿಯ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತ್ತು. ಅವರ ಮನೆತನದ ಹಿರಿಯನೊಬ್ಬ ಮುಲ್ಲಾಮಾರಿ ಹೊಳೆ ದಾಟುವಾಗ ಶಿವದಾರ ಹರಿದು ಲಿಂಗ ನೀರುಪಾಲಾಯಿತಂತೆ. ಆತ ದಂಡೆಯ ಮೇಲೆ ಕುಳಿತವನು ಏಳಲಿಲ್ಲ. ಅನ್ನ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಆರನೆಯ ದಿನ ಜನ ಬಂದು ಅವನ ಪಾದ ಮುಟ್ಟಿ ಹೆಣ ಎತ್ತಿದರು. “ಲಿಂಗ ಹೋದ್ರೂ ಅಷ್ಟ, ಒಡದ್ರೂ ಅಷ್ಟ. ಆಮ್ಯಾಲ ಈ ಮೈ ಯಾಕ ಬೇಕವ್ವಾ?” ಎಂದು ಅಜ್ಜಿ ಕತೆ ಮುಗಿಸುತ್ತಿದ್ದಳು, ಉಪ್ಪಿನಕಾಯಿ ಹೇಗೆ ಹಾಕಬೇಕು ಎಂದು ಹೇಳುವಷ್ಟೇ ಸಾದಾ ದನಿಯಲ್ಲಿ.

ಅಪ್ಪ ತೀರಿದ ಮೇಲೆ ತಾಯಿ ಮಹಾದೇವಮ್ಮ ಮಗಳನ್ನು ಕರೆದುಕೊಂಡು ಶಹಾಬಾದಿನ ಹತ್ತಿರ ಭಂಕೂರಿಗೆ ಬಂದಳು. ಅಲ್ಲಿ ಕಲ್ಲಿನ ಖಣಿಯಲ್ಲಿ ಇಬ್ಬರೂ ಫರಸಿ ಕಲ್ಲು ಹೊರುವ ಕೆಲಸಕ್ಕೆ ನಿಂತರು. ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಶಿವಕಾಂತಿ ಇಬ್ಬರು ಹೊರುವ ಚಪ್ಪಡಿಯನ್ನು ಒಬ್ಬಳೇ ಹೊರುತ್ತಿದ್ದಳು. ಸುತ್ತಿಗೆಯ ತುದಿಯಿಂದ ಕಲ್ಲನ್ನು ಮೆಲ್ಲಗೆ ಬಡಿದು ಕಿವಿಗೊಡುವುದನ್ನೂ ಕಲಿತಳು. ಗಟ್ಟಿ ಕಲ್ಲು ಕಂಚಿನ ಹಾಗೆ ನುಡಿಯುತ್ತದೆ. ಒಳಗೆ ಬಿರುಕಿದ್ದರೆ, ಕಣ್ಣಿಗೆ ಕಾಣದಿದ್ದರೂ, ದನಿ ಬೋದಾಗಿ, ಮಂಕಾಗಿ ಸತ್ತುಹೋಗುತ್ತದೆ.

ಅರವತ್ತೊಂದನೆಯ ಇಸವಿಯಲ್ಲಿ ಮಾರ್ತಾಂಡ ಸರ್ಕಸ್ಸು ಶಹಾಬಾದ್ ಸ್ಟೇಷನ್ನಿನ ಬಳಿ ಡೇರೆ ಹೊಡೆಯಿತು. ಆನೆ, ಜೋಕಾಲಿಯಾಟಗಳ ನಡುವೆ ಹೆಂಗಸರ ಬಾಕ್ಸಿಂಗೂ ಇತ್ತು. ಮಲಬಾರಿನ ದಪ್ಪ ಹೆಂಗಸೊಬ್ಬಳು ಕೈಗೆ ಚರ್ಮದ ಗವಸು ಹಾಕಿಕೊಂಡು ಹಗ್ಗದ ಅಖಾಡದಲ್ಲಿ ನಿಲ್ಲುತ್ತಿದ್ದಳು. ಆಕೆಯ ಮುಂದೆ ಮೂರು ನಿಮಿಷ ನಿಂತ ಹೆಣ್ಣುಮಗಳಿಗೆ ಬಿದಿರಿಗೆ ತೂಗುಹಾಕಿದ ಇಳಕಲ್ ಸೀರೆ. ಮಧ್ಯಾಹ್ನದ ಆಟಕ್ಕೆ ಹೋಗಿದ್ದ ಖಣಿಯ ಹೆಂಗಸರು ಶಿವಕಾಂತಿಯನ್ನು ಮುಂದೆ ನೂಕಿದರು.

“ಹೋಗ, ಫರಸಿ ಹೊರೋ ರಟ್ಟಿ ಅದ ನಿಂದು,” ಎಂದಳು ಜೊತೆಯವಳಾದ ಮಾಳಮ್ಮ. “ನಾಕು ಏಟು ತಿಂದ್ರ ಸೀರಿ ಕೊಡ್ತಾರಂತ. ನನ್ನ ಗಂಡ ಪುಕ್ಕಟೆ ಹೊಡೀತಾನ.”

ಹೆಂಗಸರು ನಕ್ಕ ಭರದಲ್ಲಿ ಶಿವಕಾಂತಿ ಅಖಾಡಕ್ಕೆ ಹತ್ತಿಯೇಬಿಟ್ಟಳು. ಗವಸು ಕಟ್ಟಿದರು, ಗಂಟೆ ಬಾರಿಸಿದರು, ಮೊದಲ ಏಟು ಎದೆಯ ಕಡೆಗೇ ಬಂತು. ಆಗ ಆಕೆಗೆ ನೆನಪಾಯಿತು, ಕುಪ್ಪಸದೊಳಗೆ ಏನಿದೆ ಎಂದು. ಎಡಗೈಯನ್ನು ಎದೆಗೆ ಒತ್ತಿಕೊಂಡಳು, ಆಮೇಲೆ ತೆಗೆಯಲಿಲ್ಲ. ಮುಖದ ಮೇಲೆ ಎಷ್ಟು ಏಟು ಬಿದ್ದರೂ ಬೀಳಲಿ ಎಂದು ನಿಂತಳು. ಕೊನೆಗೆ ಇನ್ನು ತಡೆಯಲಾರೆ ಎನ್ನಿಸಿದಾಗ ಕಣ್ಣು ಮುಚ್ಚಿ ಬಲಗೈ ಬೀಸಿದಳು. ಕಣ್ಣು ತೆರೆದಾಗ ಮಲಬಾರಿನವಳು ಕೆಳಗೆ ಕುಳಿತಿದ್ದಳು.

ಮರುದಿನ ಸರ್ಕಸ್ಸಿನ ಬಾಕ್ಸಿಂಗ್ ಉಸ್ತಾದ ಮಜೀದಸಾಬ ತಾಯಿ-ಮಗಳ ಗುಡಿಸಲು ಹುಡುಕಿಕೊಂಡು ಬಂದ. ನಿಜಾಮರ ಪಲ್ಟಣಿಯಲ್ಲಿ ಬಾಕ್ಸಿಂಗ್ ಕಲಿತಿದ್ದ ಮುದುಕ. ಕಿವಿಗಳೆರಡೂ ಏಟು ತಿಂದು ತಿಂದು ಹೂಕೋಸಿನ ಹಾಗಾಗಿದ್ದವು. ಮಗಳನ್ನು ಕಂಪನಿಗೆ ಕಳಿಸಿರಿ ಎಂದು ಕೇಳಿದ. ಮಹಾದೇವಮ್ಮ ಅವನ ಕಡೆ ನೋಡದೆ ಕೇಳಿದಳು.

“ಹೊಟ್ಟೀಗೆ ಎರಡು ಹೊತ್ತು ಹಾಕ್ತಾರೇನ್ರಿ?”

“ಮೂರು ಹೊತ್ತು ಹಾಕ್ತಾರವ್ವಾ.”

ತಾಯಿಯ ಕಣ್ಣಲ್ಲಿ ನೀರು ಬಂತು. ಮಗಳಿಗೆ ಒಂದೇ ಮಾತು ಹೇಳಿದಳು: “ಕೊರಳಾಗಿಂದು ಜ್ವಾಕಿ.”

ಆ ಮಾತೇ ಆಕೆಯ ಹೆದರಿಕೆಗೆ ಬೇರಾಯಿತು. ಮಜೀದಸಾಬ ದಿನವೂ ಕೂಗುತ್ತಿದ್ದ: “ಎಡಗೈ ಮ್ಯಾಲೆತ್ತು. ಅದಕ್ಕೇನು ಗೋಂದು ಹಚ್ಚೀಯೇನು? ಮುಖ ಕಾಯ್ಕೋ ಬೇಟಿ, ಮುಖ.” ಆಕೆ ಹೂಂ ಎನ್ನುತ್ತಿದ್ದಳು. ಗಂಟೆ ಬಾರಿಸಿದೊಡನೆ ಕೈ ತಾನಾಗಿ ಎದೆಗೆ ಇಳಿಯುತ್ತಿತ್ತು. ಕಾರಣ ಹೇಳಿದರೆ, ತೆಗೆದಿಟ್ಟು ಬಾ ಎಂದಾನು ಎಂದು ಭಯ. ತೆಗೆದಿಡುವುದು ಎಲ್ಲಿ, ಯಾರ ಕೈಯಲ್ಲಿ? ಪ್ರತಿ ಆಟದ ನಂತರ ಮರೆಗೆ ಹೋಗಿ, ವಸ್ತ್ರ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡುವಳು. ಆಮೇಲೆಯೇ ಉಸಿರು ಬಿಡುವಳು.

ರಾಯಚೂರಿನಲ್ಲಿ ಮೂಗು ಮುರಿಯಿತು. ರಕ್ತ ನಿಲ್ಲಲು ತಲೆ ಬಗ್ಗಿಸಿ ಕುಳಿತಿದ್ದಾಗ ಮಜೀದಸಾಬ ಎದುರಿಗೆ ಕುಕ್ಕರಗಾಲಲ್ಲಿ ಕುಳಿತ.

“ಹೇಳು. ಎದಿಮ್ಯಾಲ ಏನದ?”

ಆಕೆ ಹೇಳಿದಳು. ಅವನು ನಗಲಿಲ್ಲ, ಬಯ್ಯಲಿಲ್ಲ. ತನ್ನ ತೋಳಿಗೆ ಕಟ್ಟಿದ್ದ ತಾಯಿತವನ್ನು ಸುಮ್ಮನೆ ಮುಟ್ಟಿಕೊಂಡ. “ತೆಗಿ ಅಂತ ನಾ ಅನ್ನಂಗಿಲ್ಲ. ಎಡಗೈ ಕೆಳಗ ಇಟ್ಟು ಆಡು ಅಂತನೂ ಅನ್ನಂಗಿಲ್ಲ, ಕಣ್ಣು ಹೋಗ್ತಾವ. ಊರಿಗೆ ಹೋಗು. ನಿಮ್ಮ ಅಯ್ಯನೋರಿಗೆ ಕೇಳ್ಕೊಂಡು ಬಾ.”

ಸರ್ಕಸ್ಸಿನಲ್ಲಿ ಬಡಿದಾಡುತ್ತೇನೆ ಎಂದು ಗುರುಲಿಂಗಯ್ಯನವರಿಗೆ ಹೇಳುವುದೆಂದರೆ ಅದೇ ಒಂದು ಕುತ್ತು. ಮಠದ ಪಡಸಾಲೆಯಲ್ಲಿ ಕಂಬ ಹಿಡಿದು ನಿಂತು ಹೇಳಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡು, ಎತ್ತಿನ ರೋಗ ವಿಚಾರಿಸುವವರ ಹಾಗೆ ಕೇಳಿದರು.

“ಎಲ್ಲೆಲ್ಲಿ ಹೊಡೀತಾರ?”

“ಮಾರಿಗೆ ಹೊಡೀತಾರ್ರಿ ಮುತ್ಯಾ. ಎದೀಗೆ, ಹೊಟ್ಟೀಗೆ, ಪಕ್ಕಡಿಗೆ.”

“ಎಲ್ಲಿ ಹೊಡಿಯಂಗಿಲ್ಲ?”

“ನಡಾ ಕೆಳಗ ಹೊಡಿಯಂಗಿಲ್ಲರಿ. ಮತ್ತ ಹಿಂದ್ಗಡಿ. ತಲಿ ಹಿಂದ ಹೊಡದ್ರ ಆಟ ಅಲ್ಲಿಗೇ ಬಂದ್.”

“ನಡಾ ಕೆಳಗ ಲಿಂಗಕ್ಕ ಜಾಗ ಇಲ್ಲ,” ಎಂದರು ಗುರುಲಿಂಗಯ್ಯ, ಗಡ್ಡ ತುರಿಸಿಕೊಳ್ಳುತ್ತ. “ತಲಿಮ್ಯಾಲ ಅದ. ಕೊರಳಾಗ ಕಟ್ಟಬಹುದು, ರಟ್ಟಿಗೆ ಕಟ್ಟಬಹುದು, ತಲೀಗೂ ಕಟ್ಟಬಹುದು. ಹಿಂದಿನ ಶರಣರು ಕಟ್ಟ್ಯಾರ. ತುರುಬಿನಾಗ ಕಟ್ಕೋ.” ಆಕೆ ಕಾಲಿಗೆ ಬಿದ್ದು ಏಳುವಾಗ ಅವರು ನಕ್ಕರು. “ಒಂದು ಮಾತು. ಬೆನ್ನು ಮ್ಯಾಲ ಮಾತ್ರ ಬೀಳಬ್ಯಾಡ ಮತ್ತ.”

ನಗುತ್ತ ಹೇಳಿದ ಆ ಮಾತು ಆಕೆಯ ಮೈಯಲ್ಲಿ ಹೊಸ ಭಯವಾಗಿ ಕುಳಿತುಕೊಂಡಿತು.

ಎಡಗೈ ಮೇಲೆದ್ದಿತು, ಮಜೀದಸಾಬನ ಕೂಗು ನಿಂತಿತು. ಆದರೆ ಈಗ ಹಿಂದಕ್ಕೆ ಬೀಳುವಂತಿಲ್ಲ. ಬಿಳಿ ವಸ್ತ್ರದಲ್ಲಿ ಸುತ್ತಿದ ಲಿಂಗವನ್ನು ತುರುಬಿನ ನಡುವೆ ಇಟ್ಟು, ಕೂದಲನ್ನು ಮೂರು ಸುತ್ತು ಬಿಗಿದು, ಮೇಲೆ ದಾರ ಕಟ್ಟುತ್ತಿದ್ದಳು. ನೆಲಕ್ಕೆ ಅಂಟಿದ ಹೆಜ್ಜೆ, ಮುಂದಕ್ಕೆ ಬಾಗಿದ ಮೈ, ಏಟು ಬಂದಷ್ಟೂ ಒಳನುಗ್ಗುವ ರೀತಿ. ಇದನ್ನೆಲ್ಲ ಯಾರೂ ಕಲಿಸಲಿಲ್ಲ, ಹೆದರಿಕೆ ಕಲಿಸಿತು. ಅರವತ್ಮೂರರಲ್ಲಿ ಮಲಬಾರಿನವಳನ್ನು ಸೋಲಿಸಿ ಹಿತ್ತಾಳೆ ಬಿಲ್ಲೆಯ ಚಾಂಪಿಯನ್ ಪಟ್ಟಿ ಸೊಂಟಕ್ಕೆ ಕಟ್ಟಿಕೊಂಡಳು. ಮುಂದಿನ ಆರು ವರ್ಷ ಯಾವ ಊರಿನಲ್ಲೂ ಯಾರಿಂದಲೂ ಆಕೆಯ ಬೆನ್ನಿಗೆ ಮಣ್ಣು ಹತ್ತಿಸಲಾಗಲಿಲ್ಲ. ಸೇಡಂನಲ್ಲಿ ಜನ ಆಕೆಗೆ ಎಂಟೆದೆಯವಳು ಎಂದು ಹಾರ ಹಾಕಿದರು. ಹಾರ ಹಾಕುವ ಕೈ ತುರುಬಿಗೆ ತಗುಲೀತೇನೋ ಎಂದು ಆಕೆ ಕುತ್ತಿಗೆ ಕುಗ್ಗಿಸಿದಳು. ವಿನಯ ಎಂದು ಅವರು ತಿಳಿದರು. ಮಲಗುವುದೂ ಒಂದೇ ಮಗ್ಗುಲಿಗೆ.

ಅರವತ್ತೊಂಬತ್ತರಲ್ಲಿ ಕಂಪನಿ ಮತ್ತೆ ಶಹಾಬಾದಿಗೆ ಬಂತು. ಆ ಹೊತ್ತಿಗೆ ಸೊಲ್ಲಾಪುರದಿಂದ ಸುಂದರಬಾಯಿ ಎಂಬವಳು ಸೇರಿದ್ದಳು. ಇಪ್ಪತ್ತರ ಪ್ರಾಯ, ಉದ್ದ ಕೈ. ಚಾಂಪಿಯನ್ ಪಟ್ಟಿಗೆ ಆಕೆಯೊಡನೆ ಆಟ ಎಂದು ಊರ ತುಂಬ ಸಾರಿದರು. ಆಯಿತವಾರ ಭಂಕೂರಿನ ಖಣಿ ಖಾಲಿಯಾಗಿ ಡೇರೆಯಲ್ಲಿ ಕುಳಿತಿತ್ತು. ಗವಸು ಕಟ್ಟಿಸಿಕೊಳ್ಳುವಾಗ ಸುಂದರಬಾಯಿ ಮೆಲ್ಲಗೆ ಅಂದಳು: “ಅಕ್ಕಾ, ನಿಮ್ಮ ತುರುಬು ಭಾರಿ ಚಂದ ಅದ. ಇವತ್ತು ಧೂಳ ಹತ್ತತದ ನೋಡ್ರಿ.” ಬಾಕ್ಸಿಂಗಿನವರು ಹೀಗೆ ಕೆಣಕುವುದು ರೂಢಿ. ಶಿವಕಾಂತಿ ಮಾತ್ರ ತುರುಬು ಬಿಗಿಯಾಗಿದೆಯೇ ಎಂದು ತಲೆಯಾಡಿಸಿ ನೋಡಿಕೊಂಡಳು.

ಎರಡನೆಯ ಸುತ್ತಿನಲ್ಲಿ ಆ ಉದ್ದ ಕೈ ಆಕೆಯನ್ನು ಮೂಲೆಗೆ ಒತ್ತಿತು. ದವಡೆಗೆ ಒಂದು ಏಟು. ತಲೆ ಹಿಂದಕ್ಕೆ ಹೋಗಿ ಮೂಲೆಯ ಮರದ ಕಂಬಕ್ಕೆ ಬಡಿಯಿತು. ಬುರುಡೆಯೊಳಗೇ ಒಂದು ಸಣ್ಣ ಸದ್ದು ಕೇಳಿಸಿತು. ಕಲ್ಲಿನ ಸದ್ದು. ಡೇರೆಯ ಗದ್ದಲವೆಲ್ಲ ಅದರ ಹಿಂದೆ ಸರಿದುಹೋಯಿತು. ನುಡಿಯಿತೋ, ಬೋದಾಯಿತೋ? ಸಾವಿರ ಫರಸಿಗಳನ್ನು ಬಡಿದು ಕೇಳಿದ ಕಿವಿಗೆ ಅದೊಂದು ಸದ್ದು ಗುರುತು ಹತ್ತಲಿಲ್ಲ.

ಮುಂದಿನ ಏಟಿಗೆ ಹಿಮ್ಮಡಿ ನೆಲ ಬಿಟ್ಟಿತು. ಬೆನ್ನ ಹಿಂದೆ ನೆಲ ಏರಿ ಬರುತ್ತಿರುವುದು ತಿಳಿಯಿತು. ಆಕೆ ಇದ್ದಬದ್ದ ಬಲವನ್ನೆಲ್ಲ ಹಾಕಿ ಮೈಯನ್ನು ಮುಂದಕ್ಕೆ ಎಸೆದು, ಮಂಡಿಯೂರಿ, ಹಣೆ ನೆಲಕ್ಕೆ ಹಚ್ಚಿದಳು. ಎಣಿಕೆ ಶುರುವಾಯಿತು. ಐದಕ್ಕೆ ತಲೆ ತಿಳಿಯಾಯಿತು. ಏಳಲು ಬರುತ್ತಿತ್ತು. ಎದ್ದರೆ ಪಟ್ಟಿ ಉಳಿದರೂ ಉಳಿದೀತು, ಆದರೆ ಈ ಕಾಲುಗಳ ಮೇಲೆ ಇನ್ನೊಂದು ಏಟು ಬಿದ್ದರೆ ಬೀಳುವುದು ಹಿಂದಕ್ಕೇ.

“ಏಳ ಶಿವಕಾಂತಿ,” ಎಂದು ಮಾಳಮ್ಮನ ದನಿ. “ನಮ್ಮ ಮಾನ ಕಳೀಬ್ಯಾಡ, ಏಳು.”

ಆಕೆ ಏಳಲಿಲ್ಲ. ಹತ್ತು ಮುಗಿಯಿತು. ಖಣಿಯ ಗಂಡಸರು ಸಿಳ್ಳೆ ಹಾಕಿದರು. ಆರು ವರ್ಷದ ಪಟ್ಟಿ ಸುಂದರಬಾಯಿಯ ಸೊಂಟಕ್ಕೆ ಹೋಯಿತು. ಆ ಕಡೆ ಶಿವಕಾಂತಿಯ ಲಕ್ಷ್ಯವೇ ಇರಲಿಲ್ಲ. ಗವಸಿನ ಕೈಯಿಂದ ತುರುಬನ್ನು ಮುಟ್ಟಿ ಮುಟ್ಟಿ ನೋಡಿದಳು. ಚರ್ಮದ ದಪ್ಪಕ್ಕೆ ಏನು ತಿಳಿದೀತು? ಬೇರೆಯವರು ಮುಟ್ಟುವಂತಿಲ್ಲ. “ಬಿಚ್ಚ್ರಿ ಉಸ್ತಾದ, ಲಗೂನ ಬಿಚ್ಚ್ರಿ,” ಎಂದಳು. ಗವಸಿನ ಗಂಟು ಬಿಗಿದಿತ್ತು. ಮಜೀದಸಾಬ ಹಲ್ಲಿನಿಂದ ಎಳೆದು ಆಗದೆ ಚಾಕುವಿನಿಂದ ದಾರ ಕೊಯ್ದ.

ಬೆರಳು ಹೊರಬಂದವು. ತುರುಬಿನೊಳಗೆ ಲಿಂಗ ಇತ್ತು. ವಸ್ತ್ರದ ಮೇಲಿನಿಂದಲೇ ಮುಟ್ಟಿದಳು. ಒಂದು ಕಡೆ ಮೇಲಿನ ಕಪ್ಪು ಲೇಪ, ಅವರು ಕಂತಿ ಎನ್ನುವುದು, ಪುಡಿಪುಡಿಯಾಗಿ ಸರಿಯಿತು. ಅದರ ಕೆಳಗೆ ಹೆಬ್ಬೆರಳಿಗೆ ಗೆರೆಯಂಥದೇನೋ ಸಿಕ್ಕಿತು. ಆಕೆ ಕೈ ಹಿಂದಕ್ಕೆಳೆದುಕೊಂಡಳು. ಬಿಚ್ಚಿ ನೋಡಲು ಧೈರ್ಯ ಬರಲಿಲ್ಲ. ಬಿಚ್ಚದೆ ಪೂಜೆ ಇಲ್ಲ, ಪೂಜೆ ಇಲ್ಲದೆ ಊಟ ಇಲ್ಲ. ಹೊಳೆಯ ದಂಡೆಯಲ್ಲಿ ಕುಳಿತ ಆ ಹಿರಿಯನ ಹಾಗೆ ತನ್ನ ದಿನಗಳೂ ಶುರುವಾದವು ಎಂದುಕೊಂಡಳು.

ಗುರುಗಳಲ್ಲಿಗೆ ಹೊರಟಾಗ ಮಜೀದಸಾಬ ಜೊತೆಗೆ ಬಂದ. ಬಸ್ಸು ತಪ್ಪಿ, ಬಸ್ಸು ಬದಲಿಸಿ, ಕೊನೆಗೆ ಬಂಡಿ ಹಿಡಿದು ಐನಾಪುರ ಮುಟ್ಟುವಾಗ ಮಂಗಳವಾರ ಬೆಳಿಗ್ಗೆ. ದಾರಿಯಲ್ಲಿ ಅವನು ಬಾಳೆಹಣ್ಣು ಕೊಂಡು ಚಾಚಿದ, ಆಕೆ ತಲೆಯಾಡಿಸಿದಳು, ಅವನೂ ತಿನ್ನಲಿಲ್ಲ.

ಅವನು ಮಠದ ಹೊರಗೆ ಕಟ್ಟೆಯ ಮೇಲೆ ಕುಳಿತ. ಆಕೆ ಒಳಗೆ ಹೋಗಿ, ಗಂಟನ್ನು ಹಾಗೇ ಗುರುಗಳ ಕೈಗೆ ಕೊಟ್ಟು, ಆದದ್ದನ್ನೆಲ್ಲ ಹೇಳಿ, ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಗುರುಲಿಂಗಯ್ಯ ಕಿಟಕಿಯ ಬೆಳಕಿಗೆ ಹೋದರು. ಬಹಳ ಹೊತ್ತು ಅಲ್ಲೇ ನಿಂತರು. ಸುಣ್ಣದ ಗೋಡೆಯ ಮೇಲೆ ಒಂದು ಇರುವೆ ಸಾಲು ಹೊರಟಿತ್ತು. ಆಕೆ ಅದನ್ನೇ ನೋಡುತ್ತಿದ್ದಳು.

“ಉಂಡೀಯೇನು?” ಎಂದು ಅವರು ತಿರುಗಿ ನೋಡದೆ ಕೇಳಿದರು.

“ಇಲ್ಲರಿ.”

“ಯಾವಾಗಿನಿಂದ?”

“ಆಯಿತವಾರದಿಂದರಿ ಮುತ್ಯಾ.”

“ಅಂದ್ರ ಲಿಂಗಕ್ಕೂ ಎರಡು ದಿನ ಉಪಾಸ ಕೆಡವೀದಿ, ಹುಚ್ಚಿ.” ಅವರು ಒಳಮನೆಗೆ ಕೂಗಿ ಹೇಳಿದರು: “ಕೇಳಿಸ್ತೇನು? ಎರಡು ರೊಟ್ಟಿ ಬಡಿ. ಎರಡಲ್ಲ, ಆರು ಬಡಿ.”

“ಒಡದಿಲ್ಲೇನ್ರಿ?”

“ಒಡದಿದ್ರ ಉಣ್ಣು ಅಂತಿದ್ದೆನೇನು?”

ಕಿಟಕಿಯ ಬಳಿಯೇ ಕುಳಿತು, ಬಟ್ಟಲಿನಿಂದ ಕಂತಿ ತೆಗೆದು ಸಾವಕಾಶವಾಗಿ ಹೊಸ ಲೇಪ ಕೊಟ್ಟರು. ಆಕೆಯ ಅಂಗೈಗೆ ಬಂದಾಗ ಲಿಂಗ ಹೊಸದಾಗಿ ಹೊಳೆಯುತ್ತಿತ್ತು. ಬೆರಳಿಗೆ ಸಿಕ್ಕ ಗೆರೆ ಏನು ಎಂದು ಕೇಳಬೇಕೆನ್ನಿಸಿತು. ಕೇಳಿದರೆ, ಎಂದೂ ಸುಳ್ಳಾಡದ ಆ ಬಾಯಿ ಸುಳ್ಳಾಡಬೇಕಾದೀತೇನೋ ಎಂದು ಭಯವಾಯಿತು. ಕೇಳಲಿಲ್ಲ.

ರೊಟ್ಟಿ ಆಗುವವರೆಗೆ ಹೊರಗೆ ಬಂದಳು. ಮಜೀದಸಾಬ ಎದ್ದು ನಿಂತ.

“ಏನಂದ್ರು ಬೇಟಿ?”

“ಉಣ್ಣು ಅಂದ್ರು.”

ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. “ಬೇಸ್ತವಾರ ಕಂಪನಿ ವಾಡಿಗೆ ಹೊಂಟದ,” ಎಂದ. “ಸುಂದರಬಾಯಿ ಸಂಗಟ ಇನ್ನೊಂದು ಆಟ ಇಡಸ್ತೀನಿ. ಆ ಪಟ್ಟಿ ನಿಂದೇ.”

“ನಾ ಬರಂಗಿಲ್ಲರಿ ಉಸ್ತಾದ. ನನಗ ಅಂಜಿಕಿ ಬರ್ತದ.”

ಎಂಟು ವರ್ಷದಲ್ಲಿ ಆ ಮಾತು ಬಾಯಿಗೆ ಬಂದದ್ದು ಅದೇ ಮೊದಲು. ಮುದುಕ ಆಶ್ಚರ್ಯಪಡಲಿಲ್ಲ.

“ದಿನಾ ನಿನ್ನ ಗವಸು ಬಿಚ್ಚಾಂವ ನಾನಲ್ಲೇನು? ಒಳಗ ಕೈ ತಣ್ಣಗ ನೀರಾಗಿರ್ತಿತ್ತು. ಗೆದ್ದ ದಿನಾನೂ ಹಂಗ.”

ಒಳಗಿನಿಂದ ಗುರುಗಳ ಹೆಂಡತಿ ಕೂಗಿದರು: “ಶಿವಕಾಂತೀ, ರೊಟ್ಟಿ ಆರ್ಲಿಕತ್ತಾವ. ಅವರಿಗೂ ಕಟ್ಟಿಮ್ಯಾಲ ಕೊಡ್ತೀನಿ, ಕುಂದರ್ಲಿಕ್ಕೆ ಹೇಳು.”

ಆಕೆ ಕಾಲು ತೊಳೆದು ಒಳಗೆ ಹೋದಳು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೀರು ಎರೆದು, ವಿಭೂತಿ ಧರಿಸಿ, ಎರಡು ದಿನದ ಪೂಜೆಯನ್ನು ಒಟ್ಟಿಗೆ ಮಾಡಿದಳು. ಆಮೇಲೆ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಹಚ್ಚಿದಳು. ತುತ್ತು ಬಾಯಿಗೆ ಹೋಯಿತು.