ಓಣಿಗೊಂದೇ ಮೇಲ್ ಪೆಟ್ಟಿಗೆ

ಬಸವನ ಬಾಗೇವಾಡಿಯ ನಮ್ಮ ಓಣಿಗೆ ಮೊದಲು ಇ-ಮೇಲ್ ತಂದವನು ನಾನು. ಆಗ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದೆ. ಓಣಿಯವರು ಯಾವ ಅರ್ಜಿ ತುಂಬಿದರೂ ಇ-ಮೇಲ್ ವಿಳಾಸ ಬರೆಯುವಲ್ಲಿ ಕಂಪ್ಯೂಟರ್ ಅಂಗಡಿಯವನು ಕೇಳದೆಯೇ ನನ್ನದನ್ನು ಬರೆಯುತ್ತಿದ್ದ. ಸ್ಕಾಲರ್‌ಶಿಪ್, ಹಾಲ್ ಟಿಕೆಟ್, ಗ್ಯಾಸಿನ ರಸೀದಿ, ಗೊಳಸಂಗಿಯ ನಮ್ಮ ಸೋದರತ್ತೆಯ ಪಿಂಚಣಿ ಕಾಗದ, ಎಲ್ಲವೂ ನನ್ನ ಪೆಟ್ಟಿಗೆಗೇ. ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳಿರಲಿಲ್ಲ. ಪತ್ರ ಬಂದಿದೆಯೇ ಎಂದು ಕೇಳಲು ಜನ ನನ್ನ ಕಟ್ಟೆಗೆ ಬರಬೇಕಿತ್ತು. ಸುಳ್ಳೇಕೆ ಹೇಳಲಿ, ನನಗದು ಬಹಳ ಹಿತವಾಗಿತ್ತು.

ಪೆಟ್ಟಿಗೆ ಕೊಟ್ಟ ಕಂಪನಿ ಮೊದಮೊದಲು ಬೀಗರಿಗೆ ಬಡಿಸಿದ ಹಾಗೆ ಬಡಿಸಿತು. ಏನನ್ನೂ ಅಳಿಸಬೇಡಿ, ಎಲ್ಲ ಇಟ್ಟುಕೊಳ್ಳಿ, ಪುಕ್ಕಟೆ ಎಂದಿತು. ಇಟ್ಟುಕೊಂಡೆ. ಆಮೇಲೆ ಫೋಟೊ, ಫೈಲುಗಳನ್ನೂ ಅದೇ ಜಾಗಕ್ಕೆ ಸೇರಿಸಿ, ಒಂದು ಕೆಂಪು ಗೆರೆ ತೋರಿಸಿ, ಇನ್ನು ಜಾಗ ಬೇಕಿದ್ದರೆ ಬಾಡಿಗೆ ಕೊಡಿ ಎಂದಿತು. ಗೊಣಗಿದರೆ ಗೊಣಗಿಕೊಳ್ಳಲಿ ಎಂದು ಸುಮ್ಮನಿದ್ದೆ.

ಹೋದ ವರ್ಷ ಎದುರು ಮನೆಯ ಟೇಲರ್ ಸಾಹೇಬರ ಮಗಳು, ನನ್ನದೇ ಶಿಷ್ಯೆ, ಸಿಂದಗಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸಂದರ್ಶನದ ಪತ್ರ ಮೇಲ್‌ನಲ್ಲೇ ಬರಬೇಕು, ಅದರ ಪ್ರಿಂಟ್ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಸಂದರ್ಶನಕ್ಕೆ ಒಂದೇ ದಿನ ಉಳಿದಿರುವಾಗ ಓಡಿ ಬಂದಳು.

"ಸರ್, ಕಾಲೇಜಿಗೆ ಫೋನ್ ಹಚ್ಚಿದ್ದೆರಿ. ಎರಡ್ ಸಲ ಕಳಿಸ್ಯಾರಂತ. ನಿಮ್ಮ ಪೆಟಗಿ ತುಂಬೇತಂತ ಹೇಳಿ ವಾಪಸ್ ಬಂದೈತ್ರಿ."

ಸಿಟ್ಟು ನೆತ್ತಿಗೇರಿತು. ಕಂಪನಿಯ ಮೇಲಲ್ಲ, ಓಣಿಯ ಮೇಲೆ. ಕಟ್ಟೆಯ ಮೇಲೆ ನಿಂತು, "ನಿಮ್ಮ ಕಸಾ ಎಲ್ಲಾ ನನ್ನ ಪೆಟಗ್ಯಾಗ ತುಂಬಿ, ಈ ಹುಡುಗಿ ಅನ್ನಕ್ಕ ಮಣ್ಣ ಹಾಕಾಕತ್ತೀರಿ!" ಎಂದು ಕೂಗಾಡಿದೆ. ಲ್ಯಾಪ್‌ಟಾಪಿನ ಮುಂದೆ ಕುಳಿತು ಅವರ ಹಾಲ್ ಟಿಕೆಟ್, ರಸೀದಿ, ಅತ್ತೆಯ ಪಿಂಚಣಿ ಕಾಗದಗಳನ್ನು ಒಂದೊಂದಾಗಿ ಅಳಿಸಿದೆ. ಎರಡು ತಾಸು ಅಳಿಸಿದರೂ ಕೆಂಪು ಗೆರೆ ಕೂದಲೆಳೆಯಷ್ಟೂ ಸರಿಯಲಿಲ್ಲ.

"ನಾ ಒಂದ್ಸಲ ನೋಡ್ಲೇನ್ರಿ ಸರ್?" ಎಂದಳು.

ಮನಸ್ಸಿಲ್ಲದ ಮನಸ್ಸಿನಿಂದ ಕುರ್ಚಿ ಬಿಟ್ಟುಕೊಟ್ಟೆ. ಆಕೆ ಭಾರವಾದ ಮೇಲ್‌ಗಳನ್ನಷ್ಟೇ ಹುಡುಕಿ ತೆಗೆದಳು. ಇಂಡಿಯಲ್ಲಿ ನನಗೆ ಶಾಲು ಹೊದಿಸಿದ ಫೋಟೊಗಳು ಬಂದವು. ಮುದ್ದೇಬಿಹಾಳದಲ್ಲಿ ಮಾಡಿದ ಭಾಷಣದ ವಿಡಿಯೊ ತುಂಡು ತುಂಡಾಗಿ ಬಂತು. ಅದನ್ನೇ ನೆಂಟರಿಷ್ಟರಿಗೆಲ್ಲ ಕಳಿಸಿದ ಪ್ರತಿಗಳು ಬಂದವು. ಕಳೆದುಹೋದೀತೆಂದು ನನಗೆ ನಾನೇ ಕಳಿಸಿಕೊಂಡದ್ದೂ ಇತ್ತು. ಓಣಿಯವರ ಕಾಗದವೆಲ್ಲ ಒಟ್ಟು ಸೇರಿದರೂ ನನ್ನ ಒಂದು ಭಾಷಣದಷ್ಟು ಜಾಗ ಹಿಡಿದಿರಲಿಲ್ಲ.

"ಇವನ್ನ ಅಳಸೋದೇನ್ರಿ ಸರ್?" ತಗ್ಗಿದ ದನಿಯಲ್ಲಿ ಕೇಳಿದಳು.

ಆಗಲೂ ನಾನು ಒಂದು ಗಳಿಗೆ ಯೋಚನೆ ಮಾಡಿದೆನಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. "ಇಂಡಿ ಫೋಟೊ ಒಂದರೆ ಇರ್ಲಿ..." ಎಂದೂ ಅಂದೆ. ಆಕೆ ಕೆಂಪು ಗೆರೆಯ ಕಡೆ ಬೆರಳು ತೋರಿಸಿದಳು.

"ಎಲ್ಲಾ ಅಳಸಿಬಿಡವಾ" ಎಂದೆ.

ಅಳಿಸಿದ್ದೆಲ್ಲ ಕಸದ ಬುಟ್ಟಿಯಲ್ಲಿ ಕುಳಿತಿರುತ್ತದೆ, ಬುಟ್ಟಿ ಖಾಲಿ ಮಾಡುವವರೆಗೆ ಜಾಗ ಬಿಡುವುದಿಲ್ಲ ಎಂಬುದೂ ನನಗೆ ಗೊತ್ತಿರಲಿಲ್ಲ. ನಾನು ಎಸೆದಿದ್ದ ಓಣಿಯವರ ಕಾಗದಗಳನ್ನು ಆಕೆ ಬುಟ್ಟಿಯಿಂದ ಹೆಕ್ಕಿ ಮೇಲಿಟ್ಟಳು, ಆಮೇಲೆ ನನ್ನ ಶಾಲು, ಭಾಷಣಗಳಷ್ಟೇ ಉಳಿದ ಬುಟ್ಟಿಯನ್ನು ಖಾಲಿ ಮಾಡಿದಳು. ಕಾಲೇಜಿನವರು ಮೂರನೆಯ ಸಲ ಕಳಿಸಿದ ಪತ್ರ ಸಂಜೆಯೊಳಗೆ ಬಂತು. ಒಂದೇ ಒಂದು ಪುಟ.

ಮರುದಿನ ಸಂದರ್ಶನ ಮುಗಿಸಿ ಬಂದವಳು ಮೊದಲು ತನ್ನದೇ ವಿಳಾಸ ಮಾಡಿಕೊಂಡಳು, ಆಮೇಲೆ ಓಣಿಯವರಿಗೆಲ್ಲ ಒಬ್ಬೊಬ್ಬರಿಗಾಗಿ ಮಾಡಿಕೊಟ್ಟಳು. ಪತ್ರ ಬಂತೇನ್ರಿ ಎಂದು ಕೇಳಲು ಕಟ್ಟೆಗೆ ಈಗ ಯಾರೂ ಬರುವುದಿಲ್ಲ.

ಕೆಲವು ವಾರಗಳ ಮೇಲೆ ಆಕೆಗೆ ನೌಕರಿಯ ಆದೇಶ ಬಂತು. ಅದರದೊಂದು ಪ್ರತಿ ನನಗೂ ಕಳಿಸಬೇಕೆಂದು ಆಸೆಯಂತೆ. ಕಳಿಸುವ ಮೊದಲು ಫೋನ್ ಮಾಡಿದಳು.

"ಸರ್, ನಿಮ್ಮ ಪೆಟಗ್ಯಾಗ ಜಾಗ ಐತೇನ್ರಿ?"