ಮೇಷ್ಟ್ರು ಬರೆದ ರಾಜೀನಾಮೆಗಳು

ನಮ್ಮ ಕಚೇರಿಗೆ ಬರುವವರೆಲ್ಲ ಕೆಲಸ ಕಳೆದುಕೊಂಡವರೇ. ಮೂರನೇ ಕಿಟಕಿಯ ಈಚೆ ಕುಳಿತ ಗುಮಾಸ್ತನಾದ ನನಗೆ ಅವರ ಮುಖಕ್ಕಿಂತ ಅರ್ಜಿಯ ಒಂಬತ್ತನೇ ಪ್ರಶ್ನೆ ಮುಖ್ಯ: ಕೆಲಸ ನೀವಾಗಿ ಬಿಟ್ಟಿರೋ, ಅವರು ತೆಗೆದರೋ? ತೆಗೆದಿದ್ದರೆ ಆರು ತಿಂಗಳು ನಿರುದ್ಯೋಗ ಭತ್ಯೆ. ನೀವಾಗಿ ಬಿಟ್ಟಿದ್ದರೆ ನಮಸ್ಕಾರ. ಈ ನಿಯಮ ಮಾಡಿದವನು ನಾನಲ್ಲ. ಹಾಗಂತ ದಿನಕ್ಕೆ ಹತ್ತು ಸಲವಾದರೂ ಹೇಳುತ್ತೇನೆ, ಯಾರೂ ನಂಬುವುದಿಲ್ಲ.

ಮೇಷ್ಟ್ರು ಬಂದದ್ದು ಒಂದು ಸೋಮವಾರ. ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಛತ್ರಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ತಪಾಸಣೆ ಮಾಡಿದವರು. ತಯಾರಾದ ಪ್ರತಿ ಛತ್ರಿಯನ್ನೂ ಬಿಚ್ಚಿ, ಕಡ್ಡಿ ಮುಟ್ಟಿ ನೋಡಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಮತ್ತೆ ಮಡಿಸಿ ಇಡುವ ಕೆಲಸ. ಅಕ್ಷರ ಮುತ್ತು ಪೋಣಿಸಿದ ಹಾಗಿದ್ದದ್ದರಿಂದ ಅಲ್ಲಿ ಎಲ್ಲರ ಕಾಗದಪತ್ರವನ್ನೂ ಅವರೇ ಬರೆಯುತ್ತಿದ್ದರು. ಮೇಷ್ಟ್ರು ಎನ್ನುವ ಹೆಸರು ಅಂಟಿಕೊಂಡದ್ದು ಹಾಗೆ. ದಿನವಿಡೀ ಕಾಗೆಕಾಲು ಗುಬ್ಬಿಕಾಲು ಓದಿ ಕಣ್ಣು ಕೆಟ್ಟ ನನಗೆ ಅವರ ಅರ್ಜಿ ನೋಡಿ ನಿಜವಾಗಿಯೂ ಖುಷಿಯಾಯಿತು.

ಖುಷಿ ಹಾಳೆ ತಿರುಗಿಸುವವರೆಗೆ. ಹಿಂದೆ ಪಿನ್ ಮಾಡಿದ್ದ ರಾಜೀನಾಮೆ ಪತ್ರದಲ್ಲಿ ಅದೇ ಮುತ್ತಿನಕ್ಷರ: "ನನ್ನ ಸ್ವಂತ ಕಾರಣಗಳಿಂದ, ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಇಷ್ಟು ವರ್ಷ ಕೈಹಿಡಿದು ನಡೆಸಿದ ಮಾಲೀಕರಿಗೆ ವಂದನೆಗಳು."

"ಸ್ವಂತ ಕಾರಣ ಅಂದ್ರೆ ಏನು ಕಾರಣ?" ಎಂದೆ.

"ಕಾರಣ ಏನೂ ಇಲ್ಲ ಸಾರ್. ನಮ್ಮಲ್ಲಿ ಹಾಗೆ ಬರೆಯೋದು ಪದ್ಧತಿ."

ಆ ಕಾರ್ಖಾನೆಯಲ್ಲಿ ಯಾರನ್ನೂ ತೆಗೆದ ಇತಿಹಾಸವೇ ಇಲ್ಲವಂತೆ. ಹೋಗುವವರು ಯಾವ ಕಾರಣಕ್ಕೆ ಹೋದರೂ ಒಂದು ಪತ್ರ ಕೊಡಬೇಕು. ಮಾಲೀಕರು ಎದ್ದು ನಿಂತು ಕೈಕುಲುಕಿ ಒಂದು ಹೊಸ ಛತ್ರಿ ಕೊಡುತ್ತಾರೆ. ವಂದನೆಯ ಸಾಲು ಮೇಷ್ಟ್ರೇ ಸೇರಿಸಿದ್ದು, ಪತ್ರಕ್ಕೆ ಒಂದು ಕಳೆ ಬರಲಿ ಅಂತ. ಈ ಸಲ ಒಂದು ಇಡೀ ಘಟಕ ಮುಚ್ಚಿ ಮೂವತ್ತೊಂದು ಜನರನ್ನು ಒಂದೇ ದಿನ ಹೊರಗೆ ಹಾಕಿದಾಗಲೂ ಪದ್ಧತಿ ತಪ್ಪಲಿಲ್ಲ.

"ತೆಗೆದ್ರು ಅಂತ ಕಾಗದದಲ್ಲಿದ್ರೆ ಮುಂದೆ ಯಾರೂ ಕೆಲಸ ಕೊಡಲ್ಲ ಅಂತ ಮಾಲೀಕರು ಹೇಳಿದ್ರು" ಎಂದರು ಮೇಷ್ಟ್ರು.

"ತೆಗೆದ್ರು ಅಂತ ಇಲ್ಲದಿದ್ರೆ ನಾವು ಏನೂ ಕೊಡಕ್ಕಾಗಲ್ಲ."

"ಉಳಿದ ಮೂವತ್ತು ಜನರದ್ದೂ ಹೀಗೇ ಬರೆದುಕೊಟ್ಟಿದೀನಿ ಸಾರ್" ಎಂದರು.

ಅರ್ಜಿಯಲ್ಲಿ ಅವಲಂಬಿತರು ಎಂಬಲ್ಲಿ ಬರೆದಿತ್ತು: ಮಗಳು, ನರ್ಸಿಂಗ್, ಇನ್ನು ಆರು ತಿಂಗಳು ಬಾಕಿ. ಭತ್ಯೆ ಬಾರದಿದ್ದರೆ ಅವಳು ಓದು ಬಿಟ್ಟು ಔಷಧಿ ಅಂಗಡಿಗೆ ಸೇರುವುದೆಂದು ಮನೆಯಲ್ಲಿ ಮಾತಾಗಿತ್ತು. ನಾನು ಕೇಳದಿದ್ದರೂ ಹೇಳಿದರು. ಜನ ಈ ಕಿಟಕಿಯಲ್ಲಿ ಎಲ್ಲವನ್ನೂ ಹೇಳುತ್ತಾರೆ.

ಮಾರನೇ ದಿನ ಉಳಿದವರೆಲ್ಲ ಬಂದರು. ಎಲ್ಲರ ಹತ್ತಿರವೂ ಅದೇ ಸ್ವಂತ ಕಾರಣ, ಅದೇ ವಂದನೆ. ಕೆಲವರ ಕಂಕುಳಲ್ಲಿ ಹೊಸ ಛತ್ರಿ. ಅರ್ಜಿ ಇಟ್ಟುಕೊಂಡು, ಭತ್ಯೆ ಸಿಗದು ಎಂದು ಒಬ್ಬೊಬ್ಬರನ್ನೇ ವಾಪಸು ಕಳಿಸಿ ಬಾಯಿ ಒಣಗಿತು. ಬುಧವಾರ ಮೇಷ್ಟ್ರು ಮತ್ತೆ ಬಂದು, "ತಪ್ಪು ನಂದು, ಅವರದ್ದಲ್ಲ. ಯಾರಿಗೆ ಹೇಳಬೇಕು ಹೇಳಿ" ಎಂದರು. ನಮ್ಮ ಮೇಲಧಿಕಾರಿ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಕರುಣೆಯಿಂದ ಅಂತ ಯಾರೂ ತಿಳಿಯಬೇಡಿ, ಕಿಟಕಿ ಖಾಲಿಯಾದರೆ ಸಾಕಿತ್ತು.

ಮೇಡಂ ಪತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿದರು. ಒಂದೇ ತಾರೀಖು, ಒಂದೇ ಕೈಬರಹ, ಕೆಳಗೆ ಮಾತ್ರ ಬೇರೆ ಬೇರೆ ಸಹಿ.

"ಇಷ್ಟು ಜನಕ್ಕೆ ಒಂದೇ ದಿನ ಒಂದೇ ಸ್ವಂತ ಕಾರಣ ಬಂತಾ?" ಎಂದು ನಕ್ಕರು. ಮಾಲೀಕರು ಹೇಳಿ ಬರೆಸಿದ್ದೆಂದು ಮೇಷ್ಟ್ರಿಂದ ಹೇಳಿಕೆ ಬರೆಸಿಕೊಂಡು ಮೂವತ್ತು ಅರ್ಜಿಗಳಿಗೆ ಒಪ್ಪಿಗೆ ಹಾಕಿದರು.

ಒಂದು ಉಳಿಯಿತು.

"ಅವರಿಗೆ ಬೇರೆಯವರು ಬರೆದುಕೊಟ್ಟಿದ್ದು. ಇದನ್ನ ನೀವೇ ಬರೆದು ನೀವೇ ಸಹಿ ಮಾಡಿದೀರಿ" ಎಂದರು ಮೇಡಂ. "ನಿಮ್ಮ ವಿಷಯಕ್ಕೆ ನಿಮ್ಮ ಮಾತೇ ಸಾಕ್ಷಿ ಆಗಲ್ಲ. ಕಣ್ಣಾರೆ ಕಂಡವರು ಯಾರಾದ್ರೂ ಶುಕ್ರವಾರದೊಳಗೆ ಹೇಳಿಕೆ ಕೊಡಲಿ. ನಿಮ್ಮ ಕೈಬರಹದಲ್ಲಿ ಮಾತ್ರ ಬೇಡ."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೂ ಹೇಳಲಾರೆ, ಯಾಕೆಂದರೆ ಮೇಡಂ ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಮೇಷ್ಟ್ರು ಮಾತ್ರ ಮೇಜಿನ ಮೇಲಿನ ಪತ್ರಗಳನ್ನು ಅಂಚು ಸಮ ಮಾಡಿ ಜೋಡಿಸಿಟ್ಟು ಹೋದರು. ಸಾಕ್ಷಿ ಹೇಳಿ ಅಂತ ಯಾರನ್ನೂ ಕೇಳಲಿಲ್ಲವೆಂದು ಆಮೇಲೆ ತಿಳಿಯಿತು. ಯಾವ ಮುಖ ಇಟ್ಟುಕೊಂಡು ಕೇಳಲಿ ಅಂದಿದ್ದರಂತೆ.

ಶುಕ್ರವಾರ ಮಧ್ಯಾಹ್ನ, ಕಿಟಕಿ ಮುಚ್ಚಲು ಒಂದು ಗಂಟೆ ಇದೆ ಅನ್ನುವಾಗ, ಛತ್ರಿಗೆ ಹಿಡಿ ಅಂಟಿಸುತ್ತಿದ್ದ ಹೆಂಗಸು ಬಂದಳು. ಎಲ್ಲರಿಗೂ ಅವಳು ಹಿಡಿಯಕ್ಕ. ಹಿಂದೆ ಮೇಷ್ಟ್ರು, ಎಳೆದುಕೊಂಡು ಬಂದವರ ಹಾಗೆ. ಅವಳ ಬೆರಳ ತುದಿಗಳಲ್ಲಿ ಇನ್ನೂ ಅಂಟಿನ ಕಲೆ ಇತ್ತು. ಹಾಳೆ ಕೇಳಿದಳು.

"ನೀವು ಹೇಳಿ, ನಾನು ಬರೀತೀನಿ. ಸಹಿ ಹಾಕಿದ್ರೆ ಸಾಕು" ಎಂದೆ.

"ಬೇಡ ಸಾರ್. ಬೇರೆಯವರು ಬರೆದಿದ್ದಕ್ಕೆ ಸಹಿ ಹಾಕಿ ಒಂದು ಸಲ ಸಾಕಾಗಿದೆ."

ಮುಕ್ಕಾಲು ಗಂಟೆ ಬರೆದಳು. ಹಿಂದಿನ ಸಾಲಿನವರು ಗೊಣಗಿದರು. ಸುಮ್ಮನಿರಿ ಎಂದು ನಾನು ಗದರಿದ್ದು ನನಗೇ ಆಶ್ಚರ್ಯವಾಯಿತು. ಹಾಳೆ ನನ್ನ ಕೈಗೆ ಬಂದಾಗ ಒಂದು ಸಾಲು ಮೇಲೆ ಹತ್ತಿ ಮುಂದಿನದು ಕೆಳಗೆ ಇಳಿದಿತ್ತು. ನಿಯಮದಂತೆ ಗಟ್ಟಿಯಾಗಿ ಓದಿದೆ:

"ನಾನು ಪಕ್ಕದ ಮೇಜಲ್ಲಿ ಇದ್ದೆ. ಮೇಷ್ಟ್ರು ನಮ್ಮೆಲ್ಲರ ಪತ್ರ ಬರೆದು ಪೆನ್ನು ಜೇಬಿಗೆ ಇಟ್ಟುಕೊಂಡರು. ಆಗ ಮಾಲೀಕರು ನಿಮ್ಮದೂ ಒಂದು ಬರೆದುಬಿಡಿ ಅಂದರು. ಮೇಷ್ಟ್ರಿಗೆ ಅಲ್ಲಿವರೆಗೆ ಗೊತ್ತಿರಲಿಲ್ಲ. ಪೆನ್ನು ಮತ್ತೆ ತೆಗೆದು ಬರೆದರು. ಅವರು ಕೆಲಸ ಬಿಟ್ಟಿಲ್ಲ."

ಇದನ್ನು ಮೇಷ್ಟ್ರು ನಮಗೆ ಹೇಳಿರಲೇ ಇಲ್ಲ. ತಲೆ ತಗ್ಗಿಸಿ ನಿಂತಿದ್ದರು. ಹಾಳೆಯನ್ನು ಅವರತ್ತ ತಿರುಗಿಸಿದೆ. ಅಭ್ಯಾಸಬಲ, ಓದುತ್ತ ಓದುತ್ತ ಅವರ ಕೈ ಜೇಬಿನ ಪೆನ್ನಿಗೆ ಹೋಯಿತು, ಎರಡು ಕಡೆ ಒತ್ತಕ್ಷರ ಬಿಟ್ಟುಹೋಗಿತ್ತು. ಅರ್ಧ ಹೊರಗೆ ಬಂದ ಪೆನ್ನನ್ನು ಮತ್ತೆ ಒಳಗೆ ಇಟ್ಟರು.

"ಹೀಗೇ ಇರಲಿ ಸಾರ್" ಎಂದರು.

ಮೇಡಂ ಒಪ್ಪಿಗೆ ಹಾಕಿದರು. ನಾನು ಮೊಹರು ಒತ್ತಿ, ಆರು ತಿಂಗಳು ಎಂದು ಬರೆದೆ. ನನ್ನ ಕೈಲಾದಷ್ಟು ದುಂಡಗೆ ಬರೆದೆ.