ಅಕ್ಕನ ಬಲಗೈ, ನನ್ನ ಎಡಗೈ

ಕುದಿಯುವ ನೀರಿಗೆ ಕರಿ ಪೈಪಿನ ತುದಿ ಅದ್ದಿದರೆ ಒಂದು ವಾಸನೆ ಬರುತ್ತದೆ. ತೋಟಕ್ಕೆ ನೀರು ಹಾಯಿಸುವ ಆ ಪೈಪನ್ನು ಸೊಲ್ಲಾಪುರದಲ್ಲಿ ಅಡುಗೆಮನೆಗೆ ತಂದವಳು ಬಹುಶಃ ನಾನೊಬ್ಬಳೇ. ಮೆತ್ತಗಾದ ತುದಿಗಳನ್ನು ಒಂದು ತುಂಡಿನಿಂದ ಕೂಡಿಸಿದರೆ ನೆಲಕ್ಕೆ ನಿಲ್ಲಿಸಿದರೆ ಎದೆಮಟ್ಟ ಬರುವ ಬಳೆಯಾಗುತ್ತದೆ. ಬೆವರಿದ ಕೈಯಿಂದ ಜಾರದಿರಲೆಂದು ಮೇಲೆ ಚಾದರದ ಅಂಚಿನ ಪಟ್ಟಿ ಸುತ್ತುತ್ತೇನೆ. ಸೊಂಟಕ್ಕೆ ಹಾಕಿ ತಿರುಗಿಸುವ ಹೂಪು ಎಂದರೆ ಇಷ್ಟೇ. ಇವತ್ತು ಬೆಳಗ್ಗೆ ಚಹಾದ ಪಾತ್ರೆಯಲ್ಲೇ ಪೈಪು ಅದ್ದಿ ಮನೆಯವರಿಂದ ಬೈಸಿಕೊಂಡೆ. ಅವರ ಬೈಗುಳ ಮುಗಿಯುವ ಹೊತ್ತಿಗೆ ಆ ವಾಸನೆ ನನ್ನನ್ನು ಅಕ್ಕಲಕೋಟೆಯ ಹತ್ತಿರದ ಅಕ್ಕನ ಊರಿಗೆ ಮುಟ್ಟಿಸಿತ್ತು.

ನಲವತ್ತು ದಾಟಿದ ಹೆಂಗಸು ಬಳೆ ತಿರುಗಿಸುತ್ತಾಳೆ ಎಂದರೆ ನೀವು ನಗುತ್ತೀರಿ. ನಗಿರಿ, ನಾನೂ ನಕ್ಕವಳೇ. ಮೊದಲ ದಿನ ಹೂಪನ್ನು ಸೊಂಟದಲ್ಲಿ ನಿಲ್ಲಿಸಲು ಹೋದಾಗ ನನ್ನ ಸೊಂಟ ಎಲ್ಲಿದೆಯೆಂದು ಅದಕ್ಕೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಕಲಿಸುತ್ತಿದ್ದವಳು ಕೇತಕಿ, ನನ್ನ ಮಗಳ ವಯಸ್ಸಿನ ಹುಡುಗಿ. ಭಾನುವಾರ ಬೆಳಗ್ಗೆ ಉದ್ಯಾನದಲ್ಲಿ ನಾವು ಏಳೆಂಟು ಜನ ಸೇರುತ್ತಿದ್ದೆವು. ಸೊಂಟದಿಂದ ಕೈಗೆ, ಕೈಯಿಂದ ಮೊಣಕೈಗೆ ಬಳೆ ನಿಲ್ಲದೆ ಹರಿಯಬೇಕು. ಮೈಮೇಲೆ ನೀಲಿ ಗುರುತುಗಳಾದವು. ಆದರೂ ಸೋಮವಾರವೇ ಮುಂದಿನ ಭಾನುವಾರಕ್ಕೆ ಕಾಯುವ ಚಟ ಹತ್ತಿತು.

ನನಗೆ ಎಲ್ಲಕ್ಕಿಂತ ಪ್ರೀತಿಯದು ಇಬ್ಬರು ಸೇರಿ ಮಾಡುವ ಒಂದು ಪಟ್ಟು. ಇಬ್ಬರೂ ಎದುರುಬದುರು ನಿಲ್ಲಬೇಕು. ಒಬ್ಬಳ ಕೈಯಲ್ಲಿ ತಿರುಗುತ್ತಿರುವ ಹೂಪಿನೊಳಗೆ ಇನ್ನೊಬ್ಬಳು ಕೈ ತೂರಿಸಿ, ಅದು ನಿಲ್ಲುವ ಮೊದಲೇ ಇಸಿದುಕೊಳ್ಳಬೇಕು. ಎದುರು ನಿಂತಿರುವುದರಿಂದ ಒಬ್ಬಳಿಗೆ ಬಲಕ್ಕೆ ತಿರುಗುವುದು ಇನ್ನೊಬ್ಬಳಿಗೆ ಎಡಕ್ಕೆ. ಹಾಗಾಗಿ ಜೋಡಿಯಲ್ಲಿ ಒಬ್ಬಳಿಗೆ ಎಡಗೈ ಓಡಲೇಬೇಕು. ಕೇತಕಿ ಎಡಗೈಯವಳು, ನನ್ನ ಕಷ್ಟ ಅಲ್ಲಿಗೆ ಪರಿಹಾರವಾಗಿತ್ತು. ಆಮೇಲೆ ಅವಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಗುಂಪನ್ನು ನನ್ನ ಕೈಗೆ ಒಪ್ಪಿಸಿ, ಸಂಕ್ರಾಂತಿ ಮುಗಿದ ಮೇಲೆ ಒಂದು ಭಾನುವಾರ ಬರುತ್ತೇನೆ, ಜೋಡಿಯ ಪಟ್ಟು ತೋರಿಸಬೇಕು ಎಂದು ಹೇಳಿ ಹೋದಳು.

ಗುಂಪಿನಲ್ಲಿ ಎಡಗೈ ಓಡುವವರು ಇನ್ನಾರೂ ಇಲ್ಲ, ಜೋಡಿ ಎಲ್ಲಿಂದ ತರಲಿ? ಆಗ ಹೊಲದ ಕೆಲಸಕ್ಕೆಂದು ಅಕ್ಕನ ಊರಿಗೆ ಹೋಗಿದ್ದೆ. ಶಾಂತಕ್ಕ ನನಗಿಂತ ಬಹಳ ದೊಡ್ಡವಳು. ನನಗೆ ಆಡುವ ವಯಸ್ಸು ಬರುವಷ್ಟರಲ್ಲಿ ಅವಳು ಮದುವೆಯಾಗಿ ಹೋಗಿದ್ದಳು. ನಾವಿಬ್ಬರೂ ಒಂದು ದಿನವೂ ಕೂಡಿ ಆಡಿದವರಲ್ಲ. ನನ್ನ ಹೂಪು ಕಂಡವಳೇ ಸೆರಗು ಸಿಕ್ಕಿಸಿ ಬಲಗೈಯಲ್ಲಿ ತಿರುಗಿಸಿದಳು. ನನಗೆ ಇಡೀ ಮಳೆಗಾಲ ಹಿಡಿದದ್ದು ಅವಳಿಗೆ ಒಂದು ಮಧ್ಯಾಹ್ನದಲ್ಲಿ ಬಂತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅದರ ಹಿಂದೆಯೇ ಅಕ್ಕನ ಜೊತೆ ಆ ಉದ್ಯಾನದಲ್ಲಿ ನಿಲ್ಲಬೇಕೆಂಬ ಆಸೆಯೂ ಹುಟ್ಟಿತು.

ಅವಳ ಅಂಗಳದ ಎದುರಿಗೇ ಬೀರೋಬಾನ ಗುಡಿ. ಅಲ್ಲಿ ಪಾಠ ಶುರುವಾಯಿತು.

"ಅಕ್ಕಾ, ಈಗ ಎಡಗೈಲೆ ಹಿಡಿ. ಉಲ್ಟಾ ತಿರುಗಸು."

"ಉಲ್ಟಾ ಯಾಕ? ಆರತಿ ಎಂದಾದ್ರೂ ಉಲ್ಟಾ ಬೆಳಗ್ತಾರೇನು? ಅದೂ ದೇವರ ಮುಂದ!"

"ಇದು ಆರತಿ ಅಲ್ಲಬೇ, ಪೈಪು."

"ಪೈಪಿಗಿ ಗೊತ್ತಿಲ್ಲ. ನನ್ನ ಕೈಗಿ ಗೊತ್ತದ."

ಗುಡಿ ಕಾಣದ ಹಿತ್ತಲಿಗೆ ಕರೆದೊಯ್ದೆ. ಅಲ್ಲಿಯೂ ಅವಳ ಕೈ ಬಲಕ್ಕೇ ಹೊರಳಿತು. ಹಾಗಾದರೆ ಎಡದ ಪಾಲು ನನ್ನದೇ ಇರಲಿ ಎಂದು ನಾನು ತಿರುಗಿಸಿದೆ. ಹೂಪು ನನ್ನ ಕನ್ನಡಕಕ್ಕೆ ಬಡಿದು, ಅಲ್ಲಿಂದ ಹಾರಿ ಎಮ್ಮೆಯ ಕೊಂಬಿಗೆ ಸಿಕ್ಕಿಕೊಂಡಿತು. ಎಮ್ಮೆ ನನಗಿಂತ ಚೆನ್ನಾಗಿ ತಿರುಗಿಸಿತು.

ಸಾಕೆನಿಸಿತು. "ಬಿಡಕ್ಕಾ, ನೀ ಸುಮ್ನ ನೋಡಾಕ ಬಾ," ಎಂದೆ.

ಅಕ್ಕನ ಮುಖ ಇಳಿಯಿತು. "ನೋಡಾಕ ಬರೂದಿಲ್ಲ. ಹುಟ್ಟಿದಾಗಿಂದ ನೋಡಕೋತನ ಬಂದೀನಿ. ಬಂದ್ರ ನಿನ್ನ ಜೋಡಿ ನಿಂದ್ರಾಕ ಬರ್ತೀನಿ."

ಇದು ನನ್ನೊಬ್ಬಳ ಆಸೆ ಎಂದುಕೊಂಡಿದ್ದೆ.

ಆ ವಾರ ಗುಡಿಯ ಪೂಜೆಯ ಪಾಳಿ ಅಕ್ಕನ ಮನೆಯವರದು. ಸಂಜೆ ನಾನು ಮೂರ್ತಿಯ ಪಕ್ಕ ಗಂಟೆ ಹಿಡಿದು ಅವಳಿಗೆ ಎದುರಾಗಿ ನಿಂತಿದ್ದೆ. ಆರತಿ ಮುಗಿಸಿದ ಅಕ್ಕ ತಟ್ಟೆ ಕೆಳಗಿಡದೆ ನನ್ನನ್ನೇ ನೋಡಿದಳು.

"ಏ, ನಾ ಬೆಳಗೂದು ನಿನಗ ಯಾ ಕಡಿ ತಿರಗಿದಂಗ ಕಂಡಿತು?"

"ಎಡಕ್ಕ."

"ಹಂಗಾದ್ರ ಬೀರೋಬಾಗೂ ಎಡಕ್ಕಽ ಕಾಣತದ. ಇಷ್ಟ್ ವರ್ಷ ಅಂವ ಸುಮ್ನ ನೋಡ್ಯಾನ, ನಿಂದೇನು ತಕರಾರು? ನಾಳಿ ನೀ ದೇವರ ಬದೀಲೆ ನಿಂದ್ರು. ನಿನ್ನ ಕೈ ನೋಡಬ್ಯಾಡ. ನನ್ನ ಕೈ ನೋಡು, ಹೆಂಗ ಕಾಣತದೋ ಹಂಗ ಮಾಡು."

ಮರುದಿನ ಬೆಳಗ್ಗೆ ಗುಡಿಗೆ ಬೆನ್ನು ಮಾಡಿ ನಿಂತೆ. ನನ್ನ ಎಡಗೈ ಅಲ್ಲಿಯವರೆಗೆ ಸಂತೆಯ ಚೀಲ ಹಿಡಿಯುವುದಕ್ಕಷ್ಟೇ ಇದ್ದ ಕೈ. ಎಡ, ಬಲ, ಕೇತಕಿ ಹೇಳಿದ್ದು, ನಾನು ಬೇರೆಯವರಿಗೆ ಬಾಯಿಪಾಠ ಒಪ್ಪಿಸುತ್ತಿದ್ದದ್ದು, ಎಲ್ಲ ಬಿಟ್ಟು ಅಕ್ಕನ ಬಲಗೈಯನ್ನೇ ನೋಡುತ್ತ ನಿಂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಹೂಪು ಬಿತ್ತು, ಎತ್ತಿದೆವು, ಮತ್ತೆ ಬಿತ್ತು. ಅಕ್ಕ ಬೇಸರಿಸಲಿಲ್ಲ; ರೊಟ್ಟಿ ಬಡಿಯಲು ನನಗೆ ಕಲಿಸಿದ್ದರೆ ಹೀಗೆಯೇ ಕಲಿಸುತ್ತಿದ್ದಳೇನೋ. ಬಿಸಿಲು ಏರುವ ಮೊದಲು ಒಮ್ಮೆ ಅವಳ ಕೈಯಲ್ಲಿ ತಿರುಗುತ್ತಿದ್ದ ಹೂಪಿನೊಳಗೆ ನನ್ನ ಎಡಗೈ ಹೋಯಿತು, ಅವಳ ಕೈ ಹೊರಬಂತು, ಹೂಪು ನಿಲ್ಲಲಿಲ್ಲ. ಅಕ್ಕ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ಹೊಡೆದಳು. ನನಗೆ ಅಳು ಬಂತು, ಅಷ್ಟು ಸಂತೋಷವಾಗಿತ್ತು.

ಸಂಕ್ರಾಂತಿಯ ನಂತರದ ಭಾನುವಾರ ಕೇತಕಿಯ ಎದುರು ನಾವಿಬ್ಬರೂ ನಿಂತೆವು. ಒಮ್ಮೆ ಬೀಳಿಸಿದೆವು. ಎರಡನೆಯ ಸಲ ಬೀಳಿಸಲಿಲ್ಲ. ಅಕ್ಕ ಇವತ್ತಿಗೂ ಎಡಕ್ಕೆ ತಿರುಗಿಸಿದವಳಲ್ಲ. ನಾನೂ ಈಗ ಹೊಸಬರ ಪಕ್ಕದಲ್ಲಿ ನಿಂತು ಎಡ ಬಲ ಎಂದು ಕೂಗುವುದನ್ನು ಬಿಟ್ಟಿದ್ದೇನೆ. ಅವರ ಎದುರಿಗೆ ಹೋಗಿ ನಿಲ್ಲುತ್ತೇನೆ, ಅವರ ಕೈ ಎತ್ತ ಒಲಿಯುತ್ತದೋ ನೋಡುತ್ತೇನೆ.

ಭಾನುವಾರದ ಮೊದಲ ಬಸ್ಸಿಗೆ ಅಕ್ಕ ಬರುತ್ತಾಳೆ. ಮೊನ್ನೆ ಹೊಸದಾಗಿ ಸೇರಿದ ಹೆಂಗಸೊಬ್ಬಳು ನಮ್ಮ ಜೋಡಿಯ ಪಟ್ಟು ನೋಡಿ ಹತ್ತಿರ ಬಂದಳು.

"ನಿಮ್ಮಿಬ್ಬರಾಗ ಕಲಿಸಾವ್ರು ಯಾರ್ರಿ?"

ಅಕ್ಕ ಬಲಗೈ ಎತ್ತಿ ನನ್ನನ್ನು ತೋರಿಸಿದಳು. ಅದೇ ಹೊತ್ತಿಗೆ ನಾನು ಎಡಗೈ ಎತ್ತಿ ಅವಳನ್ನು ತೋರಿಸುತ್ತಿದ್ದೆ.